ಹರಾಜಿನ ಕೋಟಿಗಳೂ ಆಟದ ನಿಷ್ಠೆಯೂ

ಮಾರ್ಚ್ ತಿಂಗಳ ಕೊನೆಯ ವಾರವೆಂದರೆ ನಮ್ಮಂತಹ ಲೆಕ್ಕ ಪರಿಶೋಧಕರಿಗೆ ಊಟ ನಿದ್ರೆಗಳ ಪರಿವೆಯಿಲ್ಲದ ಕಾಲ. ಆರ್ಥಿಕ ವರ್ಷದ ಖಾತೆಗಳನ್ನು ಮುಕ್ತಾಯಗೊಳಿಸುವ ಈ ದಿನಗಳ ಆಸುಪಾಸಿನಲ್ಲಿಯೇ ಐಪಿಎಲ್ ಕ್ರಿಕೆಟ್ ಋತುವೂ ಆರಂಭವಾಗುವುದರಿಂದ, ಕಚೇರಿಗೆ ಬರುವ ವರ್ತಕ ಮಿತ್ರರ ಮಾತು ದಾಸ್ತಾನು, ಜಿಎಸ್‌ಟಿಗಳಿಂದ ಹೊರಟು ಆಟಗಾರರ ಕೋಟಿಗಳಲ್ಲಿ ಬಂದು ನಿಲ್ಲುವುದು ವಾಡಿಕೆ. "ಅವರಿಗೇನು ಸ್ವಾಮಿ, ಕೋಟಿಗಟ್ಟಲೆ ಕೊಡುತ್ತಾರೆ, ಆಡುತ್ತಾರೆ. ಹಣವಿಲ್ಲದಿದ್ದರೆ ಒಬ್ಬನಾದರೂ ಮೈದಾನಕ್ಕೆ ಇಳಿಯುತ್ತಾನೆಯೇ?" ಎಂಬ ಮಾತನ್ನು ನಾನು ಚಿಕ್ಕಬಳ್ಳಾಪುರದಲ್ಲಿಯೂ ಕೇಳಿದ್ದೇನೆ, ಚಿಂತಾಮಣಿಯ ಟೊಮೇಟೊ ಮಂಡಿಯಲ್ಲಿಯೂ ಕೇಳಿದ್ದೇನೆ. ಬಹುಕಾಲ ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ನೂಲು ಬಿಚ್ಚಣಿಕೆ ಘಟಕದ ಮಾಲೀಕರೊಬ್ಬರು ಇದೇ ಮಾತನ್ನಾಡಿ ಮುಗಿಸಿದ ಬಳಿಕ, ನಾವಿಬ್ಬರೂ ಅವರ ಖಾತೆ ಪುಸ್ತಕದಲ್ಲಿ "ಕಾರ್ಮಿಕರ ಮುಂಗಡ" ಎಂಬ ಶೀರ್ಷಿಕೆಗೆ ಬಂದೆವು. ಪ್ರತಿ ವರ್ಷವೂ ಏರುತ್ತಲೇ ಬಂದ ಮೊತ್ತವದು. ಗೂಡು ಬೇಯಿಸುವುದರಲ್ಲಿ ನುರಿತವನಿಗೆ ಇಷ್ಟು, ಎಳೆ ಜೋಡಿಸುವವರಿಗೆ ಇಷ್ಟು ಎಂದು ಕೊಟ್ಟ ಮುಂಗಡಗಳಲ್ಲಿ ಅರ್ಧಕ್ಕೂ ಹೆಚ್ಚು ವಸೂಲಾಗುವಂತಿರಲಿಲ್ಲ. ಹಣ ಪಡೆದವರು ಕೆಲವರು ಊರನ್ನೇ ಬಿಟ್ಟಿದ್ದರು. ಉಳಿದವರು ಮನಸ್ಸಿಲ್ಲದೆ ದುಡಿಯುತ್ತಿದ್ದರು. "ಮನುಷ್ಯ ಹಣಕ್ಕಾಗಿಯೇ ದುಡಿಯುತ್ತಾನೆ ಎಂದು ಈಗತಾನೆ ಹೇಳಿದಿರಲ್ಲ, ನೀವು ಕೊಟ್ಟ ಹಣವೇಕೆ ಕೆಲಸ ಮಾಡಲಿಲ್ಲ?" ಎಂದು ಕೇಳಿದೆ. ಅವರ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ನಾನು ತಡವಾಗಿ ಕಂಡುಕೊಂಡ ಉತ್ತರ.

ಗೂಡಿನ ಹರಾಜು, ಆಟಗಾರನ ಹರಾಜು

ಮೊದಲು ಅಂಕಿಅಂಶಗಳನ್ನು ನೋಡೋಣ. ಐಪಿಎಲ್‌ನ ಪ್ರಥಮ ಹರಾಜು 2008ರ ಫೆಬ್ರವರಿ 20ರಂದು ಮುಂಬಯಿಯಲ್ಲಿ ನಡೆಯಿತು. ಅಂದು ಮಹೇಂದ್ರ ಸಿಂಗ್ ಧೋನಿಯವರಿಗೆ ಬಂದ 15 ಲಕ್ಷ ಡಾಲರ್, ಅಂದರೆ ಸುಮಾರು ರೂ. 6 ಕೋಟಿ, ದೇಶವನ್ನೇ ಬೆರಗುಗೊಳಿಸಿತು. 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆಡ್ಡಾ ನಗರದಲ್ಲಿ ನಡೆದ ಹರಾಜಿನಲ್ಲಿ ರಿಷಭ್ ಪಂತ್ ಅವರ ಬೆಲೆ ರೂ. 27 ಕೋಟಿಗೆ ಏರಿತು. ಇದರ ಹಿಂದೆ ದಾನಧರ್ಮವೇನೂ ಇಲ್ಲ. 2023ರಿಂದ 2027ರವರೆಗಿನ ಐದು ವರ್ಷಗಳ ಪ್ರಸಾರ ಹಕ್ಕುಗಳು ರೂ. 48,390 ಕೋಟಿಗೆ ಮಾರಾಟವಾಗಿರುವಾಗ, ತಂಡದ ಮಾಲೀಕರು ಆಟಗಾರರಿಗೆ ಕೊಡುವ ಮೊತ್ತ ವ್ಯಾಪಾರದ ಲೆಕ್ಕಕ್ಕೆ ಒಳಪಟ್ಟದ್ದೇ ಆಗಿದೆ.

ಹರಾಜೆಂಬುದು ನಮ್ಮ ಜಿಲ್ಲೆಯ ಜನರಿಗೆ ಹೊಸದೇನಲ್ಲ. ಶಿಡ್ಲಘಟ್ಟದ ಸರಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ನಮ್ಮ ರೀಲರುಗಳು ಗೂಡಿನ ರಾಶಿಗೆ ಕೈಹಾಕಿ, ನಾಲ್ಕು ಗೂಡುಗಳನ್ನು ಕಿವಿಯ ಬಳಿ ಅಲುಗಿಸಿ, ಒಂದು ಕಿಲೋ ಕಚ್ಚಾ ರೇಷ್ಮೆಗೆ ಈ ರಾಶಿಯಿಂದ ಆರೂವರೆ ಕಿಲೋ ಗೂಡು ಸಾಕೋ, ಎಂಟು ಕಿಲೋ ಬೇಕೋ ಎಂದು ಮನಸ್ಸಿನಲ್ಲಿಯೇ ರೆಂಡಿಟ್ಟಾ ಲೆಕ್ಕಹಾಕಿ ಬೆಲೆ ಕೂಗುತ್ತಾರೆ. ಕೂಗಿದ ಮೇಲೆ ಲಾಭನಷ್ಟ ಅವರದೇ. ಆಟಗಾರನ ಹರಾಜೂ ಹಾಗೆಯೇ. ಹಿಂದಿನ ವರ್ಷದ ಆಟವನ್ನು ನೋಡಿ ಮುಂದಿನ ವರ್ಷದ ಆಟಕ್ಕೆ ಬೆಲೆ ಕಟ್ಟುತ್ತಾರೆ.

ಆದರೆ ಒಂದು ವ್ಯತ್ಯಾಸವುಂಟು. ಗೂಡಿಗೆ ಮನಸ್ಸಿಲ್ಲ. ಅದು ಬೋಗುಣಿಯಲ್ಲಿ ಬೆಂದರೆ ತನ್ನಲ್ಲಿದ್ದಷ್ಟು ನೂಲನ್ನು ಕೊಟ್ಟೇ ಕೊಡುತ್ತದೆ. ಆಟಗಾರನ ಬೆಲೆ ಹರಾಜಿನ ಸುತ್ತಿಗೆ ಬಿದ್ದ ಕ್ಷಣವೇ ನಿಶ್ಚಿತವಾಗಿ ಬಿಡುತ್ತದೆ. ಆ ಋತುವಿನಲ್ಲಿ ಆತ ಐನೂರು ರನ್ ಹೊಡೆದರೂ ಐವತ್ತು ರನ್ ಹೊಡೆದರೂ ಹರಾಜಿನ ಮೊತ್ತ ಬದಲಾಗದು. ಹಾಗಾದರೆ ಗಡಿರೇಖೆಯ ಬಳಿ ಮೈಮೂಳೆಗಳನ್ನು ಲೆಕ್ಕಿಸದೆ ಆತ ಚೆಂಡಿನ ಮೇಲೆ ಬೀಳುವುದೇಕೆ? ಆ ನಾಲ್ಕು ರನ್ನುಗಳನ್ನು ತಡೆದುದಕ್ಕಾಗಿ ಅಂದು ಆತನ ಖಾತೆಗೆ ಒಂದು ರೂಪಾಯಿಯೂ ಹೆಚ್ಚು ಜಮಾ ಆಗುವುದಿಲ್ಲವಲ್ಲ?

ಹಣದ ಶಕ್ತಿಯನ್ನು ಅಲ್ಲಗಳೆಯಲಾಗದು

ಇಲ್ಲಿ ಆಟಗಾರರನ್ನು ಋಷಿಗಳೆಂದು ವರ್ಣಿಸುವುದು ನನ್ನ ಉದ್ದೇಶವಲ್ಲ. ನ್ಯೂಜಿಲೆಂಡಿನ ವೇಗದ ಬೌಲರ್ ಟ್ರೆಂಟ್ ಬೌಲ್ಟ್ 2022ರಲ್ಲಿ ತಮ್ಮ ದೇಶದ ಮಂಡಳಿಯ ಕೇಂದ್ರ ಒಪ್ಪಂದದಿಂದ ಬಿಡುಗಡೆ ಪಡೆದು ಲೀಗುಗಳಿಗೆ ಹೆಚ್ಚು ಕಾಲ ಮೀಸಲಿಟ್ಟರು. ವೆಸ್ಟ್ ಇಂಡೀಸ್‌ನ ನಿಕೊಲಸ್ ಪೂರನ್ 2025ರಲ್ಲಿ, ಕೇವಲ 29ನೆಯ ವಯಸ್ಸಿನಲ್ಲಿ, ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ ಹೇಳಿದರು. ಲೀಗುಗಳಲ್ಲಿ ಅವರ ಆಟ ಮುಂದುವರಿಯಿತು. ನಮ್ಮ ಮಂಡಳಿಯೇ 2024ರ ಮಾರ್ಚ್‌ನಲ್ಲಿ ಟೆಸ್ಟ್ ಪಂದ್ಯಗಳಿಗೆಂದು ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿತು. ಒಂದು ಋತುವಿನ ಟೆಸ್ಟ್‌ಗಳಲ್ಲಿ ಶೇ. 75ಕ್ಕಿಂತ ಹೆಚ್ಚು ಆಡಿದವರಿಗೆ, ರೂ. 15 ಲಕ್ಷದ ಪಂದ್ಯ ಶುಲ್ಕದ ಜೊತೆಗೆ, ಪಂದ್ಯವೊಂದಕ್ಕೆ ರೂ. 45 ಲಕ್ಷ ಹೆಚ್ಚುವರಿ. ಆಟಗಾರರು ಹಣದ ದಿಕ್ಕಿಗೆ ಹರಿದು ಹೋಗುವರೆಂಬ ಅರಿವಿಲ್ಲದಿದ್ದರೆ ಇಂತಹ ಯೋಜನೆಯ ಅಗತ್ಯವೇನಿತ್ತು?

ಇದರಲ್ಲಿ ತಪ್ಪೆಣಿಸಲು ಕಾರಣವೂ ಇಲ್ಲ. ದಾವಣಗೆರೆಯ ಆಟೋರಿಕ್ಷಾ ಚಾಲಕರೊಬ್ಬರ ಮಗ ಆರ್. ವಿನಯ್ ಕುಮಾರ್, ಕರ್ನಾಟಕ ತಂಡದ ನಾಯಕರಾಗಿ 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಬಾರಿ ರಣಜಿ ಟ್ರೋಫಿಯನ್ನು ಗೆದ್ದುಕೊಟ್ಟರು. ಐಪಿಎಲ್‌ನಲ್ಲಿ ನಾಲ್ಕು ತಂಡಗಳಿಗೆ ಆಡಿದರು. ಹದಿನೈದು ವರ್ಷ ನಡೆದರೆ ದೀರ್ಘವೆನಿಸುವ, ಒಂದು ಮಂಡಿಗಾಯದಿಂದ ನಾಳೆಯೇ ನಿಂತುಹೋಗಬಹುದಾದ ವೃತ್ತಿಯಲ್ಲಿ ಗಳಿಕೆಯ ಚಿಂತೆ ಮಾಡುವುದು ವಿವೇಕವೇ ಹೊರತು ಲೋಭವಲ್ಲ. ಮಳೆ ಬಿದ್ದಾಗ ಕೆರೆ ತುಂಬಿಸಿಕೊಳ್ಳುವುದನ್ನು ಸದಾ ಹರಿಯುವ ನದಿಗಳಿಲ್ಲದ ನಮ್ಮ ಬಯಲುಸೀಮೆಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಮನುಷ್ಯ ಯಾವ ಬಾಗಿಲಿಗೆ ಬರುತ್ತಾನೆ ಎಂಬುದನ್ನು ಹಣ ನಿರ್ಧರಿಸುತ್ತದೆ. ಇದನ್ನು ಒಪ್ಪಿಕೊಂಡೇ ಮುಂದುವರಿಯೋಣ. ಒಳಗೆ ಬಂದ ಮೇಲೆ ಹೇಗೆ ದುಡಿಯುತ್ತಾನೆ ಎಂಬುದು ಬೇರೆಯೇ ಪ್ರಶ್ನೆ.

ಹಣ ಮಾಡಲಾರದ ಕೆಲಸ

ಈ ಪ್ರಶ್ನೆಯನ್ನು ಪರಿಶೀಲಿಸಲು ನಮ್ಮ ವೃತ್ತಿಗೆ ಹತ್ತಿರವಾದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಇಂದೂರಿನ ವೆಂಕಟೇಶ್ ಅಯ್ಯರ್ ವಾಣಿಜ್ಯ ಪದವಿಯೊಂದಿಗೆ ಚಾರ್ಟರ್ಡ್ ಅಕೌಂಟೆನ್ಸಿ ಓದುತ್ತಿದ್ದು, ಕ್ರಿಕೆಟ್ಟಿಗಾಗಿ ಅದನ್ನು ಅರ್ಧಕ್ಕೆ ಬಿಟ್ಟವರು. 2021ರಲ್ಲಿ ರೂ. 20 ಲಕ್ಷಕ್ಕೆ ಕೋಲ್ಕತ್ತಾ ತಂಡ ಸೇರಿ, 10 ಪಂದ್ಯಗಳಲ್ಲಿ 370 ರನ್ ಗಳಿಸಿದರು. ಲೆಕ್ಕಿಗನ ಚಾಳಿಯಂತೆ ಭಾಗಿಸಿ ನೋಡಿದರೆ ರನ್ನೊಂದಕ್ಕೆ ಸುಮಾರು ರೂ. 5,400. ಅದೇ ತಂಡ 2025ರ ಋತುವಿಗೆ ಅವರನ್ನು ರೂ. 23.75 ಕೋಟಿ ಕೊಟ್ಟು ಕೊಂಡಾಗ ಅವರು ಗಳಿಸಿದ್ದು 142 ರನ್. ರನ್ನೊಂದಕ್ಕೆ ಸುಮಾರು ರೂ. 16.7 ಲಕ್ಷ. ತಂಡ ಅವರನ್ನು ಬಿಟ್ಟುಕೊಟ್ಟಿತು. 2025ರ ಡಿಸೆಂಬರ್ ಹರಾಜಿನಲ್ಲಿ ಬೆಂಗಳೂರು ತಂಡ ರೂ. 7 ಕೋಟಿಗೆ ಕೊಂಡಿತು. ಹಣ ಬಂದ ಕೂಡಲೇ ಅವರು ಸೋಮಾರಿಯಾದರೆಂದು ಹೇಳುವುದು ಅನ್ಯಾಯ. ಆಟದಲ್ಲಿ ಏಳುಬೀಳು ಸಹಜ. ಆದರೆ ಸಂಭಾವನೆ ನೂರು ಪಟ್ಟಿಗೂ ಮೀರಿ ಏರಿದರೆ ಶ್ರಮವೂ ಫಲವೂ ಅದೇ ಪ್ರಮಾಣದಲ್ಲಿ ಏರುವುವು ಎಂಬ ನಂಬಿಕೆ ಮಾತ್ರ ಈ ಲೆಕ್ಕದ ಮುಂದೆ ನಿಲ್ಲಲಾರದು.

ನಮ್ಮ ರಾಜ್ಯದ ಕೃಷ್ಣಪ್ಪ ಗೌತಮ್ ಅವರ ಸಂಗತಿ ಇನ್ನೂ ವಿಚಿತ್ರ. 2021ರಲ್ಲಿ ಚೆನ್ನೈ ತಂಡ ಅವರಿಗೆ ರೂ. 9.25 ಕೋಟಿ ಕೊಟ್ಟಿತು. ಭಾರತ ತಂಡಕ್ಕೆ ಇನ್ನೂ ಆಡಿರದ ಆಟಗಾರನೊಬ್ಬನಿಗೆ ಅಂದಿನವರೆಗೆ ಸಂದ ಅತ್ಯಧಿಕ ಬೆಲೆ ಅದು. ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ದೊರೆಯಲಿಲ್ಲ. ಪಂದ್ಯವಾಡದಿದ್ದರೂ ಲಭ್ಯನಿರುವ ಆಟಗಾರನಿಗೆ ಶುಲ್ಕ ಸಲ್ಲುವುದು ಆ ಲೀಗಿನ ಪದ್ಧತಿ. ಹಣವೊಂದೇ ಗುರಿಯಾಗಿದ್ದರೆ ಕೆಲಸವಿಲ್ಲದ ಸಂಬಳಕ್ಕಿಂತ ಮಿಗಿಲಾದ ಸುಖ ಯಾವುದು? ಬೆಂಚಿನ ಮೇಲೆ ಕುಳಿತ ಯಾವ ಆಟಗಾರನ ಮುಖದಲ್ಲಿಯೂ ಆ ಸುಖ ನನಗೆ ಕಂಡಿಲ್ಲ.

ಇನ್ನೊಂದು ಕಡೆ ಅನಿಲ್ ಕುಂಬ್ಳೆಯವರನ್ನು ನೆನೆಯಿರಿ. 2008ರ ನವೆಂಬರ್‌ನಲ್ಲಿಯೇ ಅಂತಾರಾಷ್ಟ್ರೀಯ ಕ್ರಿಕೆಟ್ಟಿನಿಂದ ನಿವೃತ್ತರಾಗಿದ್ದ ಅವರಿಗೆ 2009ರ ಐಪಿಎಲ್ ದಕ್ಷಿಣ ಆಫ್ರಿಕಾದಲ್ಲಿ ನಡೆದಾಗ 38 ವರ್ಷ. ಮುಂದೆ ಬೆಲೆ ಏರಿಸಿಕೊಳ್ಳುವ ವಯಸ್ಸಲ್ಲ. ಕೇಪ್‌ಟೌನಿನಲ್ಲಿ ರಾಜಸ್ಥಾನದ ವಿರುದ್ಧ 5 ರನ್ನಿಗೆ 5 ವಿಕೆಟ್. ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ 16 ರನ್ನಿಗೆ 4 ವಿಕೆಟ್. ತಂಡ 6 ರನ್‌ಗಳಿಂದ ಸೋತರೂ ಪಂದ್ಯಶ್ರೇಷ್ಠ ಪ್ರಶಸ್ತಿ ಅವರದಾಯಿತು. ಟೆಸ್ಟ್ ಕ್ರಿಕೆಟ್ಟಿನಲ್ಲಿ 619 ವಿಕೆಟ್ ಪಡೆದವರಿಗೆ ಈ ಇಪ್ಪತ್ತು ಓವರಿನ ಆಟದಿಂದ ಸಾಧಿಸಿ ತೋರಿಸಬೇಕಾದುದೇನಿತ್ತು? ಕೈಗೆ ಬಂದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡದಿರುವುದು ಕೆಲವರ ಸ್ವಭಾವಕ್ಕೇ ಒಗ್ಗದು.

ಕರುಣ್ ನಾಯರ್ ಅವರ ಕಥೆ ಇದಕ್ಕಿಂತಲೂ ಮನಮುಟ್ಟುವಂಥದು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿದ ಈ ಕನ್ನಡಿಗ ಕೆಲವೇ ತಿಂಗಳಲ್ಲಿ ತಂಡದಿಂದ ಹೊರಬಿದ್ದರು. 2018ರಲ್ಲಿ ಪಂಜಾಬ್ ತಂಡ ರೂ. 5.6 ಕೋಟಿಗೆ ಕೊಂಡಿತ್ತು. 2022ರಲ್ಲಿ ಕರ್ನಾಟಕ ತಂಡದಲ್ಲಿಯೂ ಸ್ಥಾನ ತಪ್ಪಿತು. ಆ ಡಿಸೆಂಬರ್‌ನಲ್ಲಿ ಅವರು ಬಹಿರಂಗವಾಗಿ ಬೇಡಿದ್ದು ಮತ್ತೊಂದು ಅವಕಾಶವನ್ನು. ಆ ಮಾತನ್ನು ಉದ್ದೇಶಿಸಿದ್ದು ಯಾವ ಮಾಲೀಕರನ್ನೂ ಅಲ್ಲ, ಕ್ರಿಕೆಟ್ ಆಟವನ್ನೇ. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಐದು ಶತಕಗಳೊಂದಿಗೆ 779 ರನ್ ಗಳಿಸಿ, ಅದೇ ಋತುವಿನಲ್ಲಿ ವಿದರ್ಭ ರಣಜಿ ಟ್ರೋಫಿ ಗೆಲ್ಲಲು ನೆರವಾದರು. 2025ರ ಐಪಿಎಲ್‌ಗೆ ಅವರ ಬೆಲೆ ಕೇವಲ ರೂ. 50 ಲಕ್ಷ. ಆ ಬೆಲೆಗೆ ಆಡಿ, ಮುಂಬಯಿ ವಿರುದ್ಧ 40 ಎಸೆತಗಳಲ್ಲಿ 89 ರನ್ ಹೊಡೆದರು. ಆ ಬೇಸಿಗೆಯಲ್ಲಿ, ಎಂಟು ವರ್ಷಗಳ ನಂತರ, ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಬೆಲೆ ಹನ್ನೊಂದನೆಯ ಒಂದು ಪಾಲಿಗೆ ಇಳಿದಾಗ ಶ್ರಮವೂ ಹನ್ನೊಂದನೆಯ ಒಂದು ಪಾಲಿಗೆ ಇಳಿಯಲಿಲ್ಲ.

ವಿರಾಟ್ ಕೊಹ್ಲಿಯವರ ಮಾತು ಎಲ್ಲರಿಗೂ ತಿಳಿದದ್ದೇ. 2008ರಿಂದ ಒಂದೇ ತಂಡ. 2018ರಲ್ಲಿ ರೂ. 17 ಕೋಟಿಯಿದ್ದ ಸಂಭಾವನೆ 2022ರಲ್ಲಿ ರೂ. 15 ಕೋಟಿಗೆ ಇಳಿದರೂ ತಂಡ ಬದಲಿಸಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಹದಿನೆಂಟನೆಯ ಪ್ರಯತ್ನಕ್ಕೆ ಟ್ರೋಫಿ ಒಲಿದಾಗ ಅವರು ಮೈದಾನದಲ್ಲಿಯೇ ಕುಸಿದು ಕಣ್ಣೀರಿಟ್ಟರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಅಭಿಮಾನಿಗಳು ಪ್ರಾಣ ಕಳೆದುಕೊಂಡ ದುರಂತ ಆ ಸಂತೋಷವನ್ನು ಶಾಶ್ವತವಾಗಿ ಕಹಿಯಾಗಿಸಿತೆಂಬುದನ್ನು ಮರೆಯಲಾಗದು. ಆದರೆ ಆ ರಾತ್ರಿಯ ಕಣ್ಣೀರು ಹಣದ್ದಲ್ಲವೆಂಬುದನ್ನು ಗುರುತಿಸಲು ಲೆಕ್ಕ ಪರಿಶೋಧಕನೇ ಬೇಕಾಗಿಲ್ಲ.

ದೂರದ ಮಾತೇಕೆ? 2024ರ ಜನವರಿ 18ರಂದು ನಮ್ಮ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ಸಚಿನ್ ತೆಂಡೂಲ್ಕರ್ ಹಾಗೂ ಯುವರಾಜ್ ಸಿಂಗ್ ಅವರ ನಾಯಕತ್ವದ ತಂಡಗಳ ನಡುವೆ ಸೌಹಾರ್ದ ಪಂದ್ಯವೊಂದು ನಡೆಯಿತು. ಎಲ್ಲರೂ ನಿವೃತ್ತ ಆಟಗಾರರು. ಅಂಕಪಟ್ಟಿಯಿಲ್ಲ, ಮುಂದಿನ ವರ್ಷದ ಹರಾಜೂ ಇಲ್ಲ. ಆದರೂ ಆಟ ಕೊನೆಯ ಓವರಿನವರೆಗೆ ಹಣಾಹಣಿಯಾಗಿ ಸಾಗಿ, ಇರ್ಫಾನ್ ಪಠಾಣ್ ತಮ್ಮ ಅಣ್ಣ ಯೂಸುಫ್ ಅವರ ಎಸೆತವನ್ನೇ ಸಿಕ್ಸರಿಗೆ ಅಟ್ಟಿ ಗೆಲುವು ತಂದರು. ಗೆಲ್ಲುವ ಹಂಬಲಕ್ಕೂ ಚೆಕ್ಕಿನ ಮೊತ್ತಕ್ಕೂ ನೇರ ಸಂಬಂಧವಿಲ್ಲವೆಂಬುದಕ್ಕೆ ನಮ್ಮ ನಂದಿಬೆಟ್ಟದ ತಪ್ಪಲೇ ಸಾಕ್ಷಿಯಾಯಿತು.

ಬಾಕಿ ಉಳಿದ ಸಂಬಳ

ಹಾಗಾದರೆ ಹಣ ಕಡಿಮೆ ಕೊಟ್ಟರೂ ನಡೆದೀತು ಎಂದು ಯಾರಾದರೂ ಅರ್ಥೈಸಿಕೊಂಡರೆ ಅದು ಈ ಲೇಖನದ ದುರುಪಯೋಗ. ಕೊಚ್ಚಿ ಟಸ್ಕರ್ಸ್ ಕೇರಳ ಎಂಬ ತಂಡ 2011ರಲ್ಲಿ ಒಂದೇ ಋತು ಆಡಿ ರದ್ದಾಯಿತು. ತಮ್ಮ ಸಂಭಾವನೆಯ ಶೇ. 35ರಷ್ಟು ಇನ್ನೂ ಬಂದಿಲ್ಲವೆಂದು ಆ ತಂಡದ ಬ್ರ್ಯಾಡ್ ಹಾಡ್ಜ್ 2021ರಲ್ಲಿ, ಹತ್ತು ವರ್ಷಗಳ ಬಳಿಕ, ಬಹಿರಂಗವಾಗಿ ಹೇಳಿದರು. ಕೋಟಿಗಳನ್ನು ಕಂಡ ಆಟಗಾರನೂ ಬಾಕಿಯನ್ನು ಮರೆಯುವುದಿಲ್ಲ. 2025ರ ಜನವರಿಯಲ್ಲಿ ಬಾಂಗ್ಲಾದೇಶದ ಲೀಗಿನಲ್ಲಿ ದುರ್ಬಾರ್ ರಾಜಶಾಹಿ ತಂಡದ ವಿದೇಶಿ ಆಟಗಾರರು ಶುಲ್ಕ ಬಾಕಿಯಿದ್ದುದರಿಂದ ಪಂದ್ಯವೊಂದಕ್ಕೆ ಇಳಿಯಲೇ ಇಲ್ಲ. ಅಂದು ಬರೀ ಸ್ವದೇಶಿ ಆಟಗಾರರೇ ಆಡಿ, ಬಲಿಷ್ಠ ರಂಗಪುರ ತಂಡವನ್ನು ಸೋಲಿಸಿದರು. ಸಂಬಳ ತಪ್ಪಿದರೆ ಮನುಷ್ಯ ಬಾಗಿಲಿನಿಂದ ಹಿಂದಿರುಗುತ್ತಾನೆ ಎಂಬುದನ್ನೂ, ಒಳಗುಳಿದವನನ್ನು ಆಡಿಸುವುದು ಸಂಬಳ ಮಾತ್ರವಲ್ಲ ಎಂಬುದನ್ನೂ ಆ ಒಂದೇ ದಿನ ತೋರಿಸಿಕೊಟ್ಟಿತು.

ಬಿ.ಕಾಂ. ತರಗತಿಯಲ್ಲಿ ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹರ್ಜ್‌ಬರ್ಗ್ ಸಿದ್ಧಾಂತ ಹೇಳುವುದೂ ಇದನ್ನೇ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು ಇನ್ನೂರು ಎಂಜಿನಿಯರರನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ 1959ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಸಂಬಳ, ಕೆಲಸದ ಸ್ಥಿತಿಗತಿ ಮುಂತಾದವು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ. ಸರಿಯಿದ್ದರೆ ಅಸಮಾಧಾನ ನೀಗುತ್ತದೆ, ಅಷ್ಟೆ. ಉತ್ಸಾಹ ಹುಟ್ಟುವುದು ಸಾಧನೆ, ಮನ್ನಣೆ, ಜವಾಬ್ದಾರಿ, ಬೆಳವಣಿಗೆಗಳಿಂದ. ಐಪಿಎಲ್‌ನವರು 2025ರಿಂದ ಜಾರಿಗೆ ತಂದ ಪಂದ್ಯವೊಂದಕ್ಕೆ ರೂ. 7.5 ಲಕ್ಷದ ಹೆಚ್ಚುವರಿ ಶುಲ್ಕವನ್ನು ಈ ದೃಷ್ಟಿಯಿಂದ ಗಮನಿಸಿ. ಲೀಗ್ ಹಂತದ 14 ಪಂದ್ಯಗಳನ್ನೂ ಆಡಿದರೆ ರೂ. 1.05 ಕೋಟಿ. ರೂ. 27 ಕೋಟಿಯವರಿಗೆ ಅದು ಶೇ. 4ಕ್ಕೂ ಕಡಿಮೆ, ರೂ. 30 ಲಕ್ಷದ ಮೂಲಬೆಲೆಯ ಹುಡುಗನಿಗೆ ಮೂರೂವರೆ ಪಟ್ಟು. ಹಣ ನಿಜವಾಗಿ ಚುರುಕು ಮುಟ್ಟಿಸುವುದು ಕೆಳಗಿನ ಮೆಟ್ಟಿಲಿನಲ್ಲಿ. ನಮ್ಮ ಘಟಕಗಳಲ್ಲಿ ದುಡಿಯುವವರು ಇರುವುದೂ ಅದೇ ಮೆಟ್ಟಿಲಿನಲ್ಲಿ.

ನಮ್ಮ ಖಾತೆ ಪುಸ್ತಕದ ಪಾಠ

ಈಗ ಶಿಡ್ಲಘಟ್ಟದ ಆ ಮುಂಗಡಕ್ಕೆ ಮರಳೋಣ. ಮುಂಗಡವೆಂಬುದು ನಮ್ಮ ಹರಾಜು. ನುರಿತ ಕೈಯನ್ನು ಬಾಗಿಲಿನವರೆಗೆ ತರಲು ಅದು ಸಮರ್ಥ. ಒಳಗೆ ಮನಸ್ಸಿಟ್ಟು ದುಡಿಸಲು ಅಸಮರ್ಥ. ಅಷ್ಟೇ ಅಲ್ಲ, ಮುಂಗಡ ತೀರುವವರೆಗೆ ಬೇರೆಡೆ ಹೋಗಬಾರದೆಂದು ಕಾರ್ಮಿಕನನ್ನು ಕಟ್ಟಿಹಾಕಿದರೆ ಅದು 1976ರ ಜೀತ ಕಾರ್ಮಿಕ ಪದ್ಧತಿ ನಿರ್ಮೂಲನಾ ಕಾನೂನಿನ ವ್ಯಾಪ್ತಿಗೆ ಬರುವ ಅಪರಾಧವೆಂಬುದನ್ನು ಸದಸ್ಯ ಬಂಧುಗಳ ಗಮನಕ್ಕೆ ತರಬಯಸುತ್ತೇನೆ. ಐಪಿಎಲ್ ಆಟಗಾರನಿಗಾದರೂ ಒಪ್ಪಂದಕ್ಕೆ ಅವಧಿಯೊಂದಿದೆ. ನಮ್ಮ ಮುಂಗಡಕ್ಕೆ ಅದೂ ಇಲ್ಲ.

ಇನ್ನೊಬ್ಬರಿಗೆ ಉಪದೇಶಿಸುವ ಮುನ್ನ ನನ್ನ ತಪ್ಪನ್ನೇ ಹೇಳಿಕೊಳ್ಳುವುದು ನ್ಯಾಯ. ನನ್ನ ಕಚೇರಿಯಲ್ಲಿ ಏಳು ವರ್ಷ ದುಡಿದ ಸಹಾಯಕರೊಬ್ಬರು ಒಂದು ದಿನ ರಾಜೀನಾಮೆ ಪತ್ರ ಇಟ್ಟರು. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಎರಡು ಬಾರಿ ಸಂಬಳ ಏರಿಸಿದ್ದೆ. ಹೊಸ ಕಚೇರಿಯಲ್ಲಿ ಎಷ್ಟು ಹೆಚ್ಚು ಕೊಡುತ್ತಾರೆಂದು ಕೇಳಿದರೆ, ಹೆಚ್ಚುಕಡಿಮೆ ಅಷ್ಟೇ ಎಂದರು. ಮತ್ತೇಕೆ ಎಂದಾಗ ಸಂಕೋಚದಿಂದ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಸರ್, ಏಳು ವರ್ಷಗಳಲ್ಲಿ ಲೆಕ್ಕವೆಲ್ಲ ನಾನೇ ಮಾಡಿದೆ. ಒಂದು ಬಾರಿಯೂ ನೀವು ನನ್ನನ್ನು ಕಕ್ಷಿದಾರರ ಎದುರು ಕೂರಿಸಿಕೊಳ್ಳಲಿಲ್ಲ." ಆತನನ್ನು ನಾನು ಬೆಂಚಿನ ಮೇಲೆ ಕೂರಿಸಿದ್ದೆ, ಸಂಬಳ ಮಾತ್ರ ತಪ್ಪಿಸಿರಲಿಲ್ಲ.

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿರಲಿ, ಚಿಂತಾಮಣಿಯ ಮಂಡಿಯಲ್ಲಿರಲಿ, "ಒಳ್ಳೆಯ ಕೆಲಸಗಾರರು ನಿಲ್ಲುತ್ತಿಲ್ಲ, ದೇವನಹಳ್ಳಿ ದೊಡ್ಡಬಳ್ಳಾಪುರಗಳ ಕಡೆಗೆ ಹೋಗುತ್ತಿದ್ದಾರೆ" ಎಂಬುದು ಇಂದಿನ ಸಾಮಾನ್ಯ ದೂರು. ದೊಡ್ಡ ಕಾರ್ಖಾನೆಗಳೊಂದಿಗೆ ಸಂಬಳದ ಹರಾಜಿಗೆ ನಿಂತರೆ ನಾವು ಸೋಲುವುದು ಖಚಿತ. ಆದರೆ ಮೂರು ಕೆಲಸಗಳು ಸಣ್ಣ ಉದ್ಯಮಿಗೂ ಸಾಧ್ಯ.

ಮೊದಲನೆಯದು, ಕೊಡಬೇಕಾದುದನ್ನು ಹೊತ್ತಿಗೆ ಸರಿಯಾಗಿ ಕೊಡುವುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಮಾಸಿಕ ವೇತನವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಪಾವತಿಸಬೇಕು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಎರಡನೆಯದು, ಮುಂಗಡಕ್ಕೆ ಸುರಿಯುವ ಹಣದ ಒಂದು ಭಾಗವನ್ನು ದಿನದ ಕೆಲಸದ ಗುಣಮಟ್ಟಕ್ಕೆ ಹೊಂದಿದ ಪ್ರೋತ್ಸಾಹಧನವಾಗಿ ಪರಿವರ್ತಿಸುವುದು. ಒಳ್ಳೆಯ ರೆಂಡಿಟ್ಟಾ ಬಂದ ವಾರ ಬೇಯಿಸಿದವನಿಗೂ ಅದರ ಪಾಲು ಸಿಗಲಿ. ಮೂರನೆಯದಕ್ಕೆ ಖರ್ಚೇ ಇಲ್ಲ: ಗೂಡು ಕೊಳ್ಳಲು ಮಾರುಕಟ್ಟೆಗೆ ಹೋಗುವಾಗ ನುರಿತ ಕೆಲಸಗಾರನನ್ನೂ ಜೊತೆಗೆ ಕರೆದೊಯ್ಯುವುದು, ಆತನ ಮಾತು ಕೇಳಿ ಬೆಲೆ ಕೂಗುವುದು, ಗಿರಾಕಿ ನೂಲನ್ನು ಮೆಚ್ಚಿದಾಗ ಅದನ್ನು ತೆಗೆದವರ ಹೆಸರು ಹೇಳುವುದು.

ಆ ಮಾಲೀಕರು ಇವುಗಳಲ್ಲಿ ಎರಡನ್ನು ಒಪ್ಪಿದರು, ಒಂದಕ್ಕೆ ನಕ್ಕರು. ಕಳೆದ ಮಾರ್ಚ್‌ನಲ್ಲಿ ಅವರ ಪುಸ್ತಕಗಳನ್ನು ಮುಕ್ತಾಯಗೊಳಿಸುವಾಗ ನೋಡಿದೆ: ಮುಂಗಡದ ಶೀರ್ಷಿಕೆ ಇನ್ನೂ ಇದೆ, ಆದರೆ ಮೊತ್ತ ಇಳಿದಿದೆ. ಗೂಡು ಬೇಯಿಸುವಾತ ಮೂರು ವರ್ಷಗಳಿಂದ ಅವನೇ. ಅವರು ನಕ್ಕಿದ್ದ ಸಲಹೆ ಯಾವುದೆಂದರೆ, ಆತನನ್ನು ಮಾರುಕಟ್ಟೆಗೆ ಕರೆದೊಯ್ಯುವುದು. ಈಗ ಗೂಡಿನ ರಾಶಿಗೆ ಮೊದಲು ಕೈಹಾಕುವವನು ಆತನೇ ಎಂದು ಅವರೇ ಹೇಳಿದರು.